ಬೆಳಗಿನ ಎರಡು ಗಂಟೆ ಮತ್ತು ನಮ್ಮ ಅಕ್ಕನ ಬಳಗ

ತುಮಕೂರಿನಲ್ಲಿ ಶಿಸ್ತಿನ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಸಿದ್ಧಗಂಗಾ ಮಠದಲ್ಲೇ. "ನಮ್ಮ ದೊಡ್ಡ ಬುದ್ಧಿಯೋರು ರಾತ್ರಿ ಎರಡು ಗಂಟೆಗೇ ಏಳ್ತಿದ್ರು, ಗೊತ್ತಾ?" ಪರೀಕ್ಷೆಗೆ ಓದದ ಮಕ್ಕಳಿಗೆ ಬೈಯುವಾಗ ಇದು ಬರುತ್ತದೆ. ಬಸವ ಜಯಂತಿಯ ಭಾಷಣದಲ್ಲಿ ಬರುತ್ತದೆ. ಮದುವೆ ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತವರ ಮಧ್ಯೆಯೂ ಬರುತ್ತದೆ. ಹೇಳುವವರು ತಾವು ಏಳುವುದು ಏಳು ಗಂಟೆಗೆ, ಅದು ಬೇರೆ ವಿಷಯ.

ಹೆಂಗಸರು ಸೇರಿ ವಚನ ಹಾಡುವ ನಮ್ಮ ಬಡಾವಣೆಯ ಅಕ್ಕನ ಬಳಗಕ್ಕೆ ನನ್ನನ್ನು ಅಧ್ಯಕ್ಷೆ ಮಾಡಿದಾಗಲೂ ಇದೇ ಆಯಿತು. ಶಾಲೆಯ ಕೆಲಸದಿಂದ ನಿವೃತ್ತಳಾಗಿದ್ದೆ, ಮಾತಾಡಲು ಬರುತ್ತದೆ, ಲೆಕ್ಕ ಬರೆಯಲು ಬರುತ್ತದೆ, ಸಾಕಲ್ಲ ಅಂತ ಕೂರಿಸಿದರು. ಆಮೇಲೆ ಎಲ್ಲರೂ ಬುದ್ಧಿ ಹೇಳಿದ್ದೇ ಹೇಳಿದ್ದು. ಬೇಗ ಏಳಬೇಕು. ತಣ್ಣೀರು ಸ್ನಾನ ಒಳ್ಳೆಯದು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟುಬಿಡಿ. ಒಬ್ಬರಂತೂ ಅಲಾರಂ ಗಡಿಯಾರವನ್ನೇ ತಂದುಕೊಟ್ಟರು. ಧರ್ಮದ ಕೆಲಸದಲ್ಲಿ ಮುಂದೆ ನಿಲ್ಲುವವರಿಗೆ ಶಿಸ್ತು ಬೇಕು ಅನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಆ ಶಿಸ್ತು ಅಂದರೆ ಯಾವುದು, ಅದು ಎಲ್ಲಿಂದ ಬರುತ್ತದೆ ಅನ್ನುವುದರಲ್ಲಿ ನಾವು ಹಿಡಿದುಕೊಂಡಿರುವ ತುದಿಯೇ ತಪ್ಪು ಅನ್ನಿಸುತ್ತದೆ.

ಆ ದೊಡ್ಡ ಬುದ್ಧಿಯವರ, ಅಂದರೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ವಿಷಯವನ್ನೇ ತೆಗೆದುಕೊಳ್ಳೋಣ. ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ ಅವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದರು. ಮಠಕ್ಕೆ ಉತ್ತರಾಧಿಕಾರಿ ಆಗಬೇಕಿದ್ದ ಮರುಳಾರಾಧ್ಯರು 1930ರಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ಬಂದಿದ್ದ ಶಿವಣ್ಣನವರನ್ನು ಹಿರಿಯರಾದ ಉದ್ದಾನ ಶಿವಯೋಗಿಗಳು ಆರಿಸಿಕೊಂಡರು. ಬಂದಿದ್ದು ಗೆಳೆಯನನ್ನು ಮಣ್ಣು ಮಾಡಲು, ಹೆಗಲಿಗೆ ಬಿದ್ದಿದ್ದು ಮಠ. 1941ರಲ್ಲಿ ಉದ್ದಾನ ಸ್ವಾಮಿಗಳೂ ಲಿಂಗೈಕ್ಯರಾದರು. ಮಠದ ಪೂರ್ತಿ ಭಾರ ಇವರ ಮೇಲೆ ಬಂತು. ಮಠದಲ್ಲಿ ಓದುವ ಮಕ್ಕಳಿದ್ದರು, ದವಸ ಸಾಲುತ್ತಿರಲಿಲ್ಲ. ಎತ್ತಿನ ಗಾಡಿ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಭಿಕ್ಷೆಗೆ ಹೋಗುತ್ತಿದ್ದ ಕಾಲ ಅದು. ರಾಗಿ ಸಿಕ್ಕಿದರೆ ಮಕ್ಕಳಿಗೆ ಮುದ್ದೆ.

ಈಗ ಎರಡು ಗಂಟೆಗೆ ಬನ್ನಿ. ಹಗಲು ಪೂರ್ತಿ ಮಕ್ಕಳದ್ದು, ಭಕ್ತರದ್ದು, ಶಾಲೆಗಳದ್ದು, ಹೊಲ ಗದ್ದೆಯದ್ದು. ಬಂದವರನ್ನು ಮಾತಾಡಿಸಬೇಕು, ಕಾಗದ ಪತ್ರ ನೋಡಬೇಕು, ಸಾಮೂಹಿಕ ಪ್ರಾರ್ಥನೆಗೆ ಮಕ್ಕಳ ಮುಂದೆ ಕೂರಬೇಕು. ಇಷ್ಟೆಲ್ಲ ಕಳೆದು ಸ್ವಂತ ಲಿಂಗಪೂಜೆಗೆ ಉಳಿಯುವ ಹೊತ್ತು ಯಾವುದು? ಊರು ಮಲಗಿರುವ ಹೊತ್ತು. ನನಗೆ ತಿಳಿದ ಮಟ್ಟಿಗೆ ಆ ಎರಡು ಗಂಟೆ ಅನ್ನುವುದು ದೊಡ್ಡ ವ್ರತವಾಗಿ ಶುರುವಾದದ್ದಲ್ಲ. ಬೇರೆಯವರ ಹಸಿವಿಗೆ ಹಗಲನ್ನು ಕೊಟ್ಟ ಮೇಲೆ ಕೈಯಲ್ಲಿ ಉಳಿದ ಚಿಲ್ಲರೆ ಸಮಯ ಅದು. ನಾವು ಆ ಚಿಲ್ಲರೆಯನ್ನು ಎತ್ತಿಕೊಂಡು ಬಂದು, ಹಗಲನ್ನು ಮಾತ್ರ ನಮಗೇ ಇಟ್ಟುಕೊಳ್ಳುತ್ತೇವೆ. ನಾಲ್ಕಕ್ಕೆ ಎದ್ದು ಪೂಜೆ ಮುಗಿಸಿ ಫೋಟೋ ಹಾಕಿ, ಹತ್ತು ಗಂಟೆಗೆ ಮನೆಗೆ ಬಂದವರ ಮೇಲೆ ರೇಗುವವರನ್ನು ನಾನು ನೋಡಿದ್ದೇನೆ. ನೀವೂ ನೋಡಿರುತ್ತೀರಿ.

2019ರ ಜನವರಿ 21ರಂದು, ಬೆಳಿಗ್ಗೆ 11.44ಕ್ಕೆ ಸ್ವಾಮೀಜಿ ಲಿಂಗೈಕ್ಯರಾದರು. ಮಠದ ಲೆಕ್ಕದಲ್ಲಿ ಅವರಿಗೆ 111 ವರ್ಷ. ಸುದ್ದಿ ಮಾತ್ರ ಹೊರಗೆ ಬಂದಿದ್ದು ಮಧ್ಯಾಹ್ನ. ಮಕ್ಕಳ ಊಟ ಆದ ಮೇಲೆಯೇ ಹೇಳಬೇಕು, ಇಲ್ಲದಿದ್ದರೆ ಅವರು ಉಪವಾಸ ಕೂರುತ್ತಾರೆ ಅಂತ ಅವರು ಮೊದಲೇ ಹೇಳಿದ್ದರಂತೆ. ಸುಮಾರು 10,000 ಮಕ್ಕಳು ಉಣ್ಣುವ ಮನೆ ಅದು. ಶಿಸ್ತು ಅಂದರೆ ನನಗೆ ನೆನಪಾಗುವುದು ಈ ಊಟದ ಲೆಕ್ಕ. ಏಳುವ ಗಂಟೆ ಆಮೇಲೆ.

ಅಷ್ಟು ದೊಡ್ಡವರ ಮಾತು ಬಿಟ್ಟು ನಮ್ಮ ಜಮಖಾನದ ಮೇಲೆ ಕೂತುಕೊಳ್ಳೋಣ.

ಅಕ್ಕನ ಬಳಗ ಗೊತ್ತಿಲ್ಲದವರಿಗೆ ಒಂದು ಮಾತು. ಅಕ್ಕಮಹಾದೇವಿ ಹೆಸರಿನಲ್ಲಿ ಹೆಂಗಸರು ಸೇರಿ ವಚನ ಹಾಡುವ, ಅದರ ಮೇಲೆ ನಾಲ್ಕು ಮಾತಾಡುವ, ಶ್ರಾವಣದಲ್ಲಿ ಪ್ರವಚನ ಇಡಿಸುವ, ದವನದ ಹುಣ್ಣಿಮೆಗೆ ಅಕ್ಕನ ಜಯಂತಿ ಮಾಡುವ ಕೂಟಗಳು ಇವು. ಊರೂರಲ್ಲಿ ಇವೆ. ಸ್ವಾಮಿಗಳಿಲ್ಲ, ಪೂಜಾರಿಯಿಲ್ಲ. ಇರುವುದು ನಾವು ನಾವೇ. ಒಬ್ಬರ ಮನೆಯ ಹಾಲ್ ಇಲ್ಲವೇ ಸಮುದಾಯ ಭವನದ ಒಂದು ಕೋಣೆ. ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಸದಾ ಕುಂಯ್ ಅನ್ನುವ ಒಂದು ಮೈಕು.

ನಮ್ಮಲ್ಲಿ ಐದು ಗಂಟೆಗೆ ಅಂತ ಹೇಳಿದರೆ ಐದೂಮುಕ್ಕಾಲಿಗೆ ಶುರುವಾಗುವುದು ವಾಡಿಕೆ. ಇದಕ್ಕೊಂದು ಸಿಹಿಯಾದ ಹೆಸರೂ ಇದೆ: ಹೊಂದಾಣಿಕೆ. "ಎಲ್ಲರೂ ಬರ್ಲಿ ಬಿಡಿ ಅಕ್ಕ, ಏನು ಟ್ರೈನ್ ಹೋಗುತ್ತಾ?" ಆದರೆ ಐದಕ್ಕೇ ಬಂದು ಗೋಡೆಗೆ ಒರಗಿ ಕೂತಿರುವವರು ಯಾರು ಅಂತ ಒಮ್ಮೆ ನೋಡಿ. ಮಂಡಿ ನೋವಿನ ಅಜ್ಜಿ. ಆರೂವರೆಗೆ ಗಂಡ ಬರುವುದರೊಳಗೆ ಚಪಾತಿ ಹಿಟ್ಟು ಕಲಸಬೇಕಾದ ಸೊಸೆ. ಗಾರ್ಮೆಂಟ್ಸ್‌ನಿಂದ ಒಂದು ಗಂಟೆ ಮೊದಲು ಅನುಮತಿ ಕೇಳಿಕೊಂಡು ಬಂದವಳು. ತಡವಾಗಿ ಬರುವವರು ಕಾರಿನಲ್ಲಿ ಬರುವವರು. ಅಂದರೆ ನಮ್ಮ ಹೊಂದಾಣಿಕೆ ಯಾವಾಗಲೂ ಅನುಕೂಲ ಇರುವವರ ಕಡೆಗೇ ಹೊಂದಿಕೊಳ್ಳುತ್ತದೆ. ಅದಕ್ಕೇ ನಾನು ಒಂದು ಹಟ ಹಿಡಿದೆ. ಐದಕ್ಕೆ ಇಬ್ಬರೇ ಇದ್ದರೂ ವಚನ ಶುರು. ಮೊದಲ ಕೆಲವು ವಾರ ಮುಖ ದಪ್ಪ ಮಾಡಿಕೊಂಡವರಿದ್ದರು. "ಮೇಡಂ ಇನ್ನೂ ಸ್ಕೂಲ್ ಬೆಲ್ ಹೊಡೀತಾರೆ" ಅಂತ ಹಿಂದಿನಿಂದ ನಕ್ಕವರಿದ್ದರು. ಹೊಡೀತೀನಿ, ಅದಕ್ಕೇನೀಗ!

ಇದರಲ್ಲಿ ನನಗೆ ಆದ ಲಾಭ ಬೇರೆ. ನಾನು ನಾಲ್ಕೂಮುಕ್ಕಾಲಿಗೆ ಅಲ್ಲಿರಲೇಬೇಕಾಯಿತು. ಮಧ್ಯಾಹ್ನದ ನಿದ್ದೆ ಎಷ್ಟು ಎಳೆದರೂ, ಟಿವಿಯಲ್ಲಿ ಏನೇ ಬರುತ್ತಿದ್ದರೂ. ನನ್ನ ಮನಸ್ಸಿಗೆ ನಾನೇ ಹೇಳಿಕೊಂಡಿದ್ದರೆ ಈ ಮುದಿ ವಯಸ್ಸಿನಲ್ಲಿ ಅದು ಕೇಳುತ್ತಿತ್ತೇ? ಗೋಡೆಗೆ ಒರಗಿ ಕೂತ ಆ ಅಜ್ಜಿ ನನ್ನನ್ನು ಎಬ್ಬಿಸುತ್ತಾರೆ. ಮನಸ್ಸು ಗಟ್ಟಿ ಇರಬೇಕು, ಛಲ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಂಡಿದ್ದು ಇಷ್ಟೇ: ನಮ್ಮನ್ನು ನಾವೇ ಹಿಡಿದು ನಿಲ್ಲಿಸಿಕೊಳ್ಳುವುದು ಬಹಳ ಕಷ್ಟ. ಇನ್ನೊಬ್ಬರು ಹಿಡಿಯುವ ಹಾಗೆ ನಮ್ಮನ್ನು ಕೊಟ್ಟುಬಿಡುವುದು ಅಷ್ಟು ಕಷ್ಟವಲ್ಲ.

ಆದರೆ ಒಂದು ಜಾಗದಲ್ಲಿ ಯಾರೂ ಹಿಡಿಯಲು ಬರುವುದಿಲ್ಲ. ಅದು ಸ್ವಂತ ಪೂಜೆ.

ದೇವಸ್ಥಾನದ ಅರ್ಚಕರು ಒಂದು ದಿನ ಬಾಗಿಲು ತೆಗೆಯದಿದ್ದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಇಷ್ಟಲಿಂಗ ಹಾಗಲ್ಲ. ಅದು ಎದೆಯ ಮೇಲೆ, ಸೀರೆಯ ಸೆರಗಿನ ಒಳಗೆ ಇರುತ್ತದೆ. ಬೆಳಿಗ್ಗೆ ಸ್ನಾನ ಮಾಡಿ, ಇಬ್ಬತ್ತಿ (ವಿಭೂತಿ) ಹಚ್ಚಿಕೊಂಡು, ಕರಡಿಗೆಯಿಂದ ಲಿಂಗ ತೆಗೆದು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು ನೋಟ ನಿಲ್ಲಿಸಿದೆನೋ ಇಲ್ಲವೋ, ಯಾರಿಗೆ ಗೊತ್ತು? ಗಂಡನಿಗೂ ಗೊತ್ತಾಗುವುದಿಲ್ಲ. ಹಣೆಗೆ ಮೂರು ಬೆರಳು ಇಬ್ಬತ್ತಿ ಎಳೆದುಕೊಂಡು ಹೊರಗೆ ಬಂದರೆ ಮುಗಿಯಿತು, ನೋಡಿದವರು ಪೂಜೆ ಆಯಿತು ಅಂದುಕೊಳ್ಳುತ್ತಾರೆ. ಸಂಜೆ ಸಭೆಯಲ್ಲಿ ನಾನೇ ಲಿಂಗಪೂಜೆಯ ಮೇಲೆ ಅರ್ಧ ಗಂಟೆ ಮಾತಾಡಬಹುದು. ಯಾರೂ ಎದ್ದು ನಿಂತು ಕೇಳುವುದಿಲ್ಲ.

ನಾನಿದ್ದ ಶಾಲೆಯಲ್ಲಿ ಉರ್ದು ಮೇಡಂ ಒಬ್ಬರಿದ್ದರು. ಬೇಸಿಗೆಯಲ್ಲಿ ರಂಜಾನ್ ಬಂದ ವರ್ಷ, ಸ್ಟಾಫ್ ರೂಮಿನ ಮಣ್ಣಿನ ಹೂಜಿಯ ಪಕ್ಕದಲ್ಲೇ ಅವರ ಕುರ್ಚಿ. ಪಾಠ ಮಾಡಿ ಗಂಟಲು ಒಣಗಿ ಬಂದು ಕೂರುತ್ತಿದ್ದರು. ಮಧ್ಯಾಹ್ನ ಎಲ್ಲರೂ ಬಿಸಿಯೂಟದ ಕಡೆ ಹೋದಾಗ ಕೋಣೆಯಲ್ಲಿ ಅವರೊಬ್ಬರೇ. ಒಂದು ಲೋಟ ನೀರು ಕುಡಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಕುಡಿಯಬೇಕು ಅನ್ನಿಸಲ್ವಾ ಮೇಡಂ?" ಅಂತ ಕೇಳಿದ್ದೆ. "ಅನ್ನಿಸುತ್ತೆ. ಅನ್ನಿಸದಿದ್ರೆ ರೋಜಾ ಯಾಕೆ?" ಅಂದು ನಕ್ಕರು. ಮತ್ತೆ ಉತ್ತರ ಪತ್ರಿಕೆ ತಿದ್ದಲು ಕೂತರು. ಧರ್ಮದ ಶಿಸ್ತಿನ ಬಗ್ಗೆ ನಾನು ಕೇಳಿದ ಎಷ್ಟೋ ಉಪನ್ಯಾಸಗಳು ಮರೆತುಹೋಗಿವೆ, ಇದು ಮಾತ್ರ ಉಳಿದಿದೆ.

ಪೂಜೆಯ ವಿಷಯದಲ್ಲಿ ನಾನು ಮಾಡಿಕೊಂಡಿರುವುದು ಬಹಳ ಸರಳ. ಹೊತ್ತು ಒಂದೇ, ಜಾಗ ಒಂದೇ, ಅಳತೆ ಸಣ್ಣದು. ಮೈಯಲ್ಲಿ ಜ್ವರ ಇದ್ದ ದಿನವೂ ಆಗಬಹುದಾದಷ್ಟು ಸಣ್ಣದು. ಉತ್ಸಾಹ ಬಂದ ದಿನ ಜಾಸ್ತಿ ಹೊತ್ತು ಕೂರುತ್ತೇನೆ, ಆದರೆ ಅದನ್ನು ನಿಯಮ ಮಾಡಿಕೊಳ್ಳುವುದಿಲ್ಲ. ಹೊಸದಾಗಿ ದೀಕ್ಷೆ ತೆಗೆದುಕೊಂಡವರು ಮೊದಲ ವಾರ ಒಂದೂವರೆ ಗಂಟೆ, ಮೂರನೇ ವಾರ ಸೊನ್ನೆ ಆಗುವುದನ್ನು ಎಷ್ಟೋ ನೋಡಿದ್ದೇನೆ. ಹೊತ್ತು ಬದಲಾಯಿಸುತ್ತಾ ಇರುವವರದ್ದೂ ಇದೇ ಕಥೆ. ಹೆಪ್ಪು ಹಾಕಿದ ಪಾತ್ರೆಯನ್ನು ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದರೆ ಮೊಸರು ಕೂರುವುದಾದರೂ ಯಾವಾಗ? ಇನ್ನೊಂದು, ಮೊಬೈಲು. ಅದು ಆ ಕೋಣೆಗೆ ಬರುವುದಿಲ್ಲ. ವಚನ ನೋಡಿಕೊಳ್ಳಲು ಬೇಕು ಅನ್ನುತ್ತಾರೆ ಕೆಲವರು. ಪುಸ್ತಕ ಇಟ್ಟುಕೊಳ್ಳಿ, ತಾಯಂದಿರಾ. ಪುಸ್ತಕಕ್ಕೆ ಮೆಸೇಜ್ ಬರುವುದಿಲ್ಲ.

ಇಲ್ಲಿ ಒಂದು ತಕರಾರು ಇದೆ, ಅದನ್ನು ಹೇಳಿಬಿಡುತ್ತೇನೆ. ಶಿಸ್ತಿನ ಬಗ್ಗೆ ನಮಗೆ ಹೇಳುವವರೆಲ್ಲ ಹೆಚ್ಚಾಗಿ ಗಂಡಸರು, ಅದರಲ್ಲೂ ಮನೆ ಮಠ ಬಿಟ್ಟವರು ಇಲ್ಲವೇ ಮನೆಯಲ್ಲಿ ಯಾರೋ ನೀರು ಕಾಯಿಸಿ ಕೊಡುವವರು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಎರಡು ಗಂಟೆ ಧ್ಯಾನ ಮಾಡಿ ಅಂತ ಹೇಳುವುದು ಸುಲಭ. ನಮ್ಮ ಬಳಗದಲ್ಲಿ ಐದಕ್ಕೆ ಏಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಎದ್ದ ತಕ್ಷಣ ಹಾಲು ಬಂತೇ ನೋಡಬೇಕು, ಅತ್ತೆಗೆ ಬರಿ ಹೊಟ್ಟೆಯ ಮಾತ್ರೆ ಕೊಡಬೇಕು, ಸಂಪ್‌ಗೆ ನೀರು ಬಿಡುವ ದಿನವಾದರೆ ಮೋಟಾರು ಹಾಕಬೇಕು, ಒಂದು ಕಡೆ ಪಲ್ಯಕ್ಕೆ ಬೀನ್ಸ್ ಹೆಚ್ಚಬೇಕು, ಮೊಮ್ಮಗುವಿನ ಸ್ಕೂಲ್ ವ್ಯಾನ್ ಬರುವುದರೊಳಗೆ ಅದರ ಒಂದು ಸಾಕ್ಸ್ ಹುಡುಕಬೇಕು. ಇವರ ಮುಂದೆ ಕೂತು "ಬೇಗ ಏಳುವ ಅಭ್ಯಾಸ ಮಾಡಿಕೊಳ್ಳಿ" ಅಂದರೆ ನಗು ಬರುತ್ತದೆ. ಅವರು ಎದ್ದೇ ಇದ್ದಾರೆ! ಅವರ ಬೆಳಗು ಅವರ ಕೈಯಲ್ಲಿಲ್ಲ, ಅಷ್ಟೇ.

ಶರಣರ ಕಾಲದಲ್ಲಿ ಇದಕ್ಕೆ ಉತ್ತರ ಇತ್ತು ಅನ್ನಿಸುತ್ತದೆ. ಅಕ್ಕ ಮನೆ ಬಿಟ್ಟು ಹೊರಟವರು, ಸರಿ. ಆದರೆ ಕಲ್ಯಾಣದಲ್ಲಿ ಇದ್ದ ಬೇರೆ ಶರಣೆಯರು ಮನೆಯಲ್ಲೇ ಇದ್ದು, ಕೆಲಸ ಮಾಡಿಕೊಂಡೇ ಇದ್ದವರು. ಸತ್ಯಕ್ಕ ಅಂಗಳ ಗುಡಿಸುತ್ತಿದ್ದವರು. ನುಲಿಯ ಚಂದಯ್ಯನವರ ಕಥೆ ಕೇಳಿರಬಹುದು. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿತ್ತಂತೆ. ಅವರು ಎತ್ತಿಕೊಳ್ಳದೆ ಹುಲ್ಲಿನ ಹೊರೆ ಹೊತ್ತು ನಡೆದರಂತೆ. ಲಿಂಗವೇ ಹಿಂದೆ ಬಂದು ಬೇಡಿಕೊಂಡಿತು ಅನ್ನುತ್ತಾರೆ. ಈ ಕಥೆಯನ್ನು ಪೂಜೆ ಬಿಡಲು ನೆಪ ಮಾಡಿಕೊಳ್ಳುವ ಜಾಣರೂ ಇದ್ದಾರೆ, ಅವರಿಗೆ ನಾನು ಹೇಳುತ್ತಿಲ್ಲ. ಅತ್ತೆಯ ಮೈ ಒರೆಸುತ್ತಾ ಪೂಜೆಯ ಹೊತ್ತು ಮೀರಿದ್ದಕ್ಕೆ ಅಳುವ ಸೊಸೆಗೆ ಹೇಳುತ್ತಿದ್ದೇನೆ. ನಿನ್ನ ಶಿಸ್ತು ಕೆಟ್ಟಿಲ್ಲ ಕಣಮ್ಮ. ಅದು ಹಗಲಿನ ಬೇರೆ ಯಾವುದೋ ಹತ್ತು ನಿಮಿಷಕ್ಕೆ ಹೋಗಿ ಕೂತುಕೊಳ್ಳಲಿ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಒಂದು ಹೊತ್ತು ಸಿಗುತ್ತದೆ, ಅದನ್ನು ಗಟ್ಟಿ ಮಾಡಿಕೋ.

ದುಡ್ಡಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಟುವಾಗುತ್ತೇನೆ.

ಆಯ್ದಕ್ಕಿ ಮಾರಯ್ಯನವರದ್ದು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರಂತೆ. ಹೆಂಡತಿ ಲಕ್ಕಮ್ಮ ನೋಡಿದರು. ಇದು ನಮ್ಮ ಅಳತೆಯದ್ದಲ್ಲ, ಜಾಸ್ತಿ ಇದೆ, ಇದು ನಮಗೆ ಯಾಕೆ, ಹೋಗಿ ಅಲ್ಲೇ ಸುರಿದು ಬನ್ನಿ ಅಂದರು. ಮಾರಯ್ಯ ಕದ್ದಿರಲಿಲ್ಲ. ನೆಲದ ಮೇಲೆ ಬಿದ್ದದ್ದನ್ನೇ ಆಯ್ದಿದ್ದರು. ಮನೆಗೆ ಬರುವ ಜಂಗಮರಿಗೇ ಅದನ್ನು ಬೇಯಿಸಿ ಹಾಕುತ್ತಿದ್ದರು. ಆದರೂ ವಾಪಸ್! ನಮ್ಮ ಸಭೆಗಳಲ್ಲಿ ಈ ಕಥೆಗೆ ಚಪ್ಪಾಳೆ ಬೀಳುತ್ತದೆ. ಅದೇ ಸಭೆಯಲ್ಲಿ ಶ್ರಾವಣದ ದಾಸೋಹಕ್ಕೆ ಎತ್ತಿದ ಚಂದಾದಲ್ಲಿ ಎಷ್ಟು ಉಳಿಯಿತು ಅಂತ ಕೇಳಿದರೆ "ದೇವರ ಕೆಲಸದಲ್ಲಿ ಲೆಕ್ಕ ಕೇಳ್ತಾರಾ?" ಅನ್ನುವವರೂ ಇರುತ್ತಾರೆ.

ಕೇಳಬೇಕು. ದೇವರ ಕೆಲಸದಲ್ಲೇ ಮೊದಲು ಕೇಳಬೇಕು. ಕಿರಾಣಿ ಅಂಗಡಿಯವನು ಮೋಸ ಮಾಡಿದರೆ ಅಂಗಡಿ ಬದಲಾಯಿಸುತ್ತೇವೆ. ಧರ್ಮದ ಹೆಸರಿನಲ್ಲಿ ಕೈ ಚಾಚಿದವರು ಲೆಕ್ಕ ತಪ್ಪಿದರೆ ಜನ ಧರ್ಮವನ್ನೇ ಬಿಡುತ್ತಾರೆ. ನಮ್ಮಲ್ಲಿ ಈಗ ಹತ್ತು ರೂಪಾಯಿಗೂ ರಸೀದಿ ಹರಿಯುತ್ತೇವೆ. ಬ್ಯಾಂಕಿನಿಂದ ದುಡ್ಡು ತೆಗೆಯಲು ಇಬ್ಬರ ಸಹಿ ಬೇಕು, ಆ ಇಬ್ಬರೂ ಒಂದೇ ಮನೆಯವರಾಗಿರಬಾರದು. ತಿಂಗಳ ಕೊನೆಯ ಸಭೆಯಲ್ಲಿ ಖಜಾಂಚಿ ಲೆಕ್ಕ ಓದುತ್ತಾರೆ: ಸಕ್ಕರೆ ಇಷ್ಟು, ರವೆ ಇಷ್ಟು, ಗೋಡಂಬಿ ಇಷ್ಟು, ಆಟೋ ಬಾಡಿಗೆ ಇಷ್ಟು, ಹಾರ್ಮೋನಿಯಂ ರಿಪೇರಿ ಇಷ್ಟು. ಓದುವಾಗ ಅರ್ಧ ಜನ ಆಕಳಿಸುತ್ತಾರೆ. ಆಕಳಿಸಲಿ. ಗೋಡಂಬಿ ಯಾಕೆ ಇಷ್ಟು ಅಂತ ಕೇಳುವ ಒಬ್ಬರು ಇದ್ದೇ ಇರುತ್ತಾರೆ, ಅವರಿಗಾಗಿ ಓದುವುದು. ಪ್ರಸಾದದಲ್ಲಿ ಉಳಿದದ್ದನ್ನು ಪದಾಧಿಕಾರಿಗಳು ಡಬ್ಬಿಗೆ ತುಂಬಿಕೊಳ್ಳುವಂತಿಲ್ಲ ಅನ್ನುವುದೂ ಒಂದು ನಿಯಮ. ಇದಕ್ಕೆ ಬಂದಷ್ಟು ವಿರೋಧ ಇಬ್ಬರ ಸಹಿಗೂ ಬರಲಿಲ್ಲ. ಸಜ್ಜಿಗೆ ಅಂದರೆ ಸುಮ್ನೆ ಅಲ್ಲ!

ನಾಲಿಗೆಯ ಶಿಸ್ತು ಇನ್ನೂ ಕಷ್ಟ. ಒಂದು ಕೂಟದ ಮುಂದೆ ನಿಂತವರ ಹತ್ತಿರ ಜನ ತಮ್ಮ ಮನೆಯ ಬಾಗಿಲು ತೆಗೆಯುತ್ತಾರೆ. ಮಗನ ಕುಡಿತ, ಮಗಳ ವಿಚ್ಛೇದನ, ಗಂಡನ ಸಾಲ. "ಯಾರಿಗೂ ಹೇಳ್ಬೇಡಿ ಅಕ್ಕ" ಅಂತ ಕೈ ಹಿಡಿದುಕೊಂಡು ಹೇಳುತ್ತಾರೆ. ಅದು ಹೊರಗೆ ಬರುವುದು ಚಾಡಿಯ ರೂಪದಲ್ಲಿ ಅಲ್ಲ. ಕರುಣೆಯ ರೂಪದಲ್ಲಿ ಬರುತ್ತದೆ. "ಪಾಪ, ಅವರ ಮನೇಲಿ ಹೀಗಾಗಿದೆಯಂತೆ, ನಾವೆಲ್ಲ ಪ್ರಾರ್ಥನೆ ಮಾಡೋಣ." ಮುಗಿಯಿತು. ಸಂಜೆಯೊಳಗೆ ಎಲ್ಲ ಮನೆಯ ಅಡುಗೆ ಕೋಣೆಯಲ್ಲೂ ಅದೇ ಸುದ್ದಿ. ನಮ್ಮಲ್ಲಿ ಹೆಸರು ಹೇಳಿ ಯಾರಿಗಾಗಿಯೂ ಸಾಮೂಹಿಕ ಪ್ರಾರ್ಥನೆ ಇಲ್ಲ, ಅವರೇ ಬಾಯಿಬಿಟ್ಟು ಕೇಳಿದರೆ ಮಾತ್ರ. ನನಗೆ ಹೇಳಿದ ಮಾತು ನಮ್ಮ ಯಜಮಾನರಿಗೂ ಗೊತ್ತಾಗುವುದಿಲ್ಲ. ಅವರಿಗೆ ಕುತೂಹಲವಿದೆ, ಗೊತ್ತು. ಇರಲಿ.

ವಾಟ್ಸಾಪ್ ಗುಂಪಿನ ಬಗ್ಗೆ ಹೆಚ್ಚು ಹೇಳಲಾರೆ, ಎಲ್ಲರ ಪಾಡೂ ಒಂದೇ. ರಾತ್ರಿ ಬಂದ ಕುಟುಕು ಮಾತಿಗೆ ಬೆಳಿಗ್ಗೆ ಪೂಜೆ ಆದ ಮೇಲೆಯೇ ಉತ್ತರ, ಅಷ್ಟೇ ನನ್ನ ನಿಯಮ. ಮುಕ್ಕಾಲು ಪಾಲು ಮಾತಿಗೆ ಬೆಳಿಗ್ಗೆ ಉತ್ತರವೇ ಬೇಕಾಗುವುದಿಲ್ಲ.

ಈಗ ಹೇಳುವುದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಧರ್ಮದ ಕೆಲಸದಲ್ಲಿ ಮುಂದೆ ನಿಂತವರ ಸುತ್ತ ನಿಧಾನವಾಗಿ ಎಲ್ಲರೂ "ಹೌದು" ಅನ್ನುವವರೇ ಸೇರುತ್ತಾರೆ. ಸಣ್ಣ ಬಳಗದ ಅಧ್ಯಕ್ಷೆಗೇ ಕಾಲು ಮುಟ್ಟಿ ನಮಸ್ಕಾರ ಮಾಡುವವರಿದ್ದಾರೆ. ಶಾಲು, ಹಾರ, ವೇದಿಕೆಯ ಮೇಲೆ ಎತ್ತರದ ಕುರ್ಚಿ. ಹೀಗೆ ವರ್ಷ ಕಳೆದರೆ ನಾನು ಹೇಳಿದ್ದೆಲ್ಲ ವಚನವೇ ಅನ್ನಿಸಲು ಶುರುವಾಗುತ್ತದೆ. ಏಳುವುದು ಎಷ್ಟು ಬೇಗವಾದರೇನು, ತಿಂಡಿ ಬಿಟ್ಟು ಉಪವಾಸ ಮಾಡಿದರೇನು, ಈ ರೋಗಕ್ಕೆ ಅದು ಔಷಧಿ ಅಲ್ಲ. ಇನ್ನೂ ಹೇಳಬೇಕೆಂದರೆ ಉಪವಾಸ ಮಾಡುವವರಿಗೇ ಇದು ಬೇಗ ಅಂಟಿಕೊಳ್ಳುತ್ತದೆ.

ಅನುಭವ ಮಂಟಪವನ್ನು ನಾವು ಚಿತ್ರದಲ್ಲಿ ನೋಡುವಾಗ ಎಲ್ಲರೂ ಕೈಮುಗಿದು ಕೂತಿರುತ್ತಾರೆ. ಪರಂಪರೆ ಹೇಳುವ ಕಥೆಗಳಲ್ಲಿ ಹಾಗಿಲ್ಲ. ಅಲ್ಲಿ ಪ್ರಶ್ನೆಗಳು ಹಾರಾಡುತ್ತವೆ. ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಅವರನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ನಿನ್ನ ಗಂಡ ಯಾರು, ಬಟ್ಟೆ ಬಿಟ್ಟವಳು ಕೂದಲಿನಲ್ಲಿ ಮೈ ಮುಚ್ಚಿಕೊಂಡಿರುವುದು ಯಾಕೆ ಅಂತ ಎಲ್ಲರ ಎದುರು ಕೆಣಕಿ ಕೇಳಿದರು. ಅಂಥ ಅಕ್ಕನನ್ನೇ! ಅವರ ಹೆಸರಿನ ಬಳಗದಲ್ಲಿ ಅಧ್ಯಕ್ಷೆಯನ್ನು ಒಂದು ಮಾತು ಕೇಳಬಾರದು ಅಂದರೆ ಹೇಗೆ?

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್‌ನವರ ಶಾಲೆ, ಆಸ್ಪತ್ರೆಗಳ ಹೆಸರು ಕೇಳಿದವರು ಬಹಳ ಜನ ಇದ್ದಾರೆ. ಆ ಹೆಸರಿನ ಮೂಲ ಜಾನ್ ವೆಸ್ಲಿ, 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ. ಅವರೂ ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದವರು, ದಿನದ ಗಂಟೆ ಗಂಟೆಯ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುತ್ತಿದ್ದವರು. ಆದರೆ ಅವರು ತಮ್ಮ ಜನರಿಗೆ ಮಾಡಿಕೊಟ್ಟ ಏರ್ಪಾಡು ನನಗೆ ಹೆಚ್ಚು ಹಿಡಿಸಿತು. ಸಣ್ಣ ಸಣ್ಣ ಗುಂಪುಗಳು. ವಾರಕ್ಕೊಮ್ಮೆ ಸೇರಬೇಕು. ಹೋದ ವಾರದಿಂದ ಈಚೆಗೆ ಏನು ತಪ್ಪು ಮಾಡಿದೆ, ಯಾವ ಆಸೆಗೆ ಮನಸ್ಸು ಎಳೆಯಿತು, ಹೇಗೆ ತಪ್ಪಿಸಿಕೊಂಡೆ ಅಂತ ಒಬ್ಬರನ್ನೊಬ್ಬರು ನೇರವಾಗಿ ಕೇಳಬೇಕು. ನಮ್ಮಲ್ಲಿ ಅಷ್ಟು ನೇರವಾಗಿ ಕೇಳಿದರೆ ಬಳಗ ಮುರಿದುಹೋದೀತು. ನಾವು ಅದಕ್ಕೆ ನಮ್ಮದೇ ದಾರಿ ಮಾಡಿಕೊಂಡಿದ್ದೇವೆ.

ಬಳಗದಲ್ಲಿ ಒಬ್ಬ ಹಿರಿಯಕ್ಕ ಇದ್ದಾರೆ. ಯಾವ ಹುದ್ದೆಯೂ ಇಲ್ಲ, ಬೇಡ ಅಂತಲೇ ಕೂತವರು. ಓದಿದ್ದು ನಾಲ್ಕನೇ ಕ್ಲಾಸು. ಅಧ್ಯಕ್ಷೆ ಯಾರೇ ಆಗಿರಲಿ, ಸಭೆ ಮುಗಿದು ಜಮಖಾನ ಸುತ್ತುವಾಗ ಪಕ್ಕಕ್ಕೆ ಕರೆದು ಹೇಳಬೇಕಾದ್ದನ್ನು ಹೇಳಿಬಿಡುತ್ತಾರೆ. "ಆ ಹುಡುಗಿ ಹಾಡೋವಾಗ ನೀನು ಫೋನ್ ನೋಡ್ತಿದ್ದೆ, ನೋಡ್ದೆ ಕಣವ್ವ." "ಡಾಕ್ಟರಮ್ಮನಿಗೆ ಎದ್ದು ನಮಸ್ಕಾರ ಮಾಡ್ದೆ, ಹೂವಿನೋಳಿಗೆ ಕೂತ್ಕೊಂಡೇ ತಲೆ ಆಡಿಸ್ದೆ, ಯಾಕೆ?" ನನಗಿಂತ ಮೊದಲಿದ್ದ ಅಧ್ಯಕ್ಷೆಯರೂ ಇದನ್ನು ಕೇಳಿಸಿಕೊಂಡವರೇ. ಕೇಳಿದಾಗ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಸಭೆಗೆ ಹೊರಡುವಾಗ ಕನ್ನಡಿಯಲ್ಲಿ ಇಬ್ಬತ್ತಿ ಸರಿ ಇದೆಯೇ ನೋಡಿಕೊಳ್ಳುವುದಕ್ಕಿಂತ ಹಿರಿಯಕ್ಕ ಇವತ್ತು ಏನು ನೋಡಿಯಾರು ಅನ್ನುವ ಯೋಚನೆಯೇ ನನ್ನನ್ನು ಹೆಚ್ಚು ನೆಟ್ಟಗೆ ಇಟ್ಟಿದೆ. ಹೊಸದಾಗಿ ಇಂಥ ಕೆಲಸಕ್ಕೆ ಬರುವವರು ನನ್ನನ್ನು ಕೇಳಿದರೆ, ಅಲಾರಂ ಗಡಿಯಾರ ಕೊಳ್ಳುವ ಮೊದಲು ನಿಮಗೆ ಹೆದರದ ಒಬ್ಬರನ್ನು ಹುಡುಕಿಕೊಳ್ಳಿ ಅನ್ನುತ್ತೇನೆ. ಅವರು ನಿಮ್ಮ ಗೆಳತಿಯಾಗಿರಬಾರದು, ನಿಮ್ಮಿಂದ ಏನೂ ಲಾಭ ಇರಬಾರದು. ಸಿಗುವುದು ಕಷ್ಟ. ಸಿಕ್ಕರೆ ಅವರನ್ನು ದೂರ ಮಾಡಿಕೊಳ್ಳದೆ ಇರುವುದು ಇನ್ನೂ ಕಷ್ಟ.

ಬಿಟ್ಟು ಹೋಗುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ಸಿದ್ಧಗಂಗೆಯ ಶ್ರೀಗಳು 1988ರಲ್ಲೇ ಸಿದ್ಧಲಿಂಗ ಸ್ವಾಮೀಜಿಯವರನ್ನು ಉತ್ತರಾಧಿಕಾರಿ ಮಾಡಿದ್ದರು, ತಾವು ಲಿಂಗೈಕ್ಯರಾಗುವುದಕ್ಕೆ 30 ವರ್ಷಕ್ಕೂ ಮೊದಲು. ನಾವೋ, ಒಂದು ಬಳಗದ ಬೀಗದ ಕೈ ಕೊಡಲು ಒದ್ದಾಡುತ್ತೇವೆ. "ನಾನಿಲ್ಲದಿದ್ರೆ ಇದು ನಡೆಯಲ್ಲ" ಅನ್ನುವ ಮಾತನ್ನು ಎಷ್ಟು ಸಂಘಗಳಲ್ಲಿ ಕೇಳಿಲ್ಲ? ನಮ್ಮಲ್ಲಿ ಎರಡು ವರ್ಷಕ್ಕೆ ಒಮ್ಮೆ ಅಧ್ಯಕ್ಷೆ ಬದಲಾಗಲೇಬೇಕು. ಎಷ್ಟೇ ಚೆನ್ನಾಗಿ ನಡೆಸಿದರೂ ಅಷ್ಟೇ.

ಈ ಸಲದ ದವನದ ಹುಣ್ಣಿಮೆ ಮುಗಿದ ಮೇಲೆ ಹೊಸ ಪದಾಧಿಕಾರಿಗಳ ಆಯ್ಕೆ ಇದೆ. ಲೆಕ್ಕದ ಪುಸ್ತಕ, ಪಾಸ್‌ಬುಕ್ಕು, ಉಳಿದ ರಸೀದಿ ಪುಸ್ತಕಗಳು, ಮೈಕಿನ ಚಾರ್ಜರ್ ಎಲ್ಲ ಒಂದು ಬಟ್ಟೆಯ ಚೀಲಕ್ಕೆ ಹಾಕಿ ಇಟ್ಟಿದ್ದೇನೆ. ಮುಂದೆ ಬರಬಹುದು ಅಂತ ಎಲ್ಲರೂ ಅಂದುಕೊಂಡಿರುವವರು ಕಾರಿನಲ್ಲಿ ಬರುವವರ ಪೈಕಿ. ಮೊನ್ನೆ ಎಲ್ಲರ ಮುಂದೆ, "ಐದು ಗಂಟೆ ಅಂದ್ರೆ ಭಾಳ ಬೇಗ ಆಗುತ್ತೆ, ಐದೂವರೆ ಮಾಡೋಣ" ಅಂದರು. ನನಗೆ ಚೂರೂ ಒಪ್ಪಿಗೆ ಇಲ್ಲ. ಚಪಾತಿ ಹಿಟ್ಟಿನ ಸೊಸೆ ಬರಲಾರಳು. ಸಭೆಯಲ್ಲಿ ಕೈ ಎತ್ತಿ ಒಮ್ಮೆ ಹೇಳುತ್ತೇನೆ, ಸದಸ್ಯೆಯಾಗಿ. ಆಮೇಲೆ ಬಹುಮತ ಐದೂವರೆಗೇ ಬಿದ್ದರೆ, ಐದೂಕಾಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ಹಿರಿಯಕ್ಕನ ಪಕ್ಕ ಜಾಗ ಹಿಡಿಯಬೇಕು.